ರೊಟ್ಟಿ ಕಾಯೋನು ಒಡೆಯನಾದ ಕತೆ

ಕೋರ್ಟಿನಲ್ಲಿ ವಕೀಲರು ನ್ಯಾಯಾಧೀಶರನ್ನು 'ಮೈ ಲಾರ್ಡ್' ಅಂತಾರೆ. ಚರ್ಚಿನಲ್ಲಿ ದೇವರೂ ಲಾರ್ಡ್. ನಮ್ಮನ್ನಾಳಿದ ಕಾರ್ನ್‌ವಾಲಿಸನೂ ಲಾರ್ಡ್, ಕರ್ಜನ್ನೂ ಲಾರ್ಡ್. ಬಾಡಿಗೆ ವಸೂಲಿ ಮಾಡೋನು ಲ್ಯಾಂಡ್‌ಲಾರ್ಡ್. ಇಷ್ಟು ಜನಕ್ಕೆ ಒಂದೇ ಮಾತು ಹೇಗೆ ಸಾಕಾಯಿತು? ಅದರ ಬೇರು ಕೆದಕಿದರೆ ನಮಗೆ ಸಿಗುವುದು ಒಂದು ರೊಟ್ಟಿ.

ಸಾವಿರ ವರ್ಷಕ್ಕೂ ಹಿಂದಿನ ಇಂಗ್ಲಿಷಿನಲ್ಲಿ ಈ ಮಾತು 'ಹ್ಲಾಫೋರ್ಡ್'. 'ಹ್ಲಾಫ್' ಅಂದರೆ ರೊಟ್ಟಿ. ಇಂದಿನ 'ಲೋಫ್' ಅದೇ. ಹ್ಲಾಫೋರ್ಡ್ ಅಂದರೆ ರೊಟ್ಟಿ ಕಾಯುವವನು. ಅವನ ಹೆಂಡತಿ 'ಹ್ಲೇಫ್‌ಡಿಗೆ', ಹಿಟ್ಟು ನಾದುವವಳು. ಇಂದಿನ 'ಲೇಡಿ' ಅವಳೇ. ಮನೆಯ ಆಳು 'ಹ್ಲಾಫೇಟ', ರೊಟ್ಟಿ ತಿನ್ನುವವನು.

ಗೆಳೆಯರೇ, ಇಲ್ಲಿ ತುಸು ನಿಲ್ಲೋಣ. ಉತ್ತು, ಬಿತ್ತಿ, ಕೊಯ್ದ ಆಳಿಗೆ 'ತಿನ್ನೋನು' ಎಂಬ ಹೆಸರು. ಬೀಗದ ಕೈ ಹಿಡಿದು ಕೂತವನಿಗೆ 'ಕಾಯೋನು' ಎಂಬ ಹೆಸರು. ಬೆಳೆದೋನು ಎಂಬ ಮಾತಿಗೆ ಆ ಮನೆಯಲ್ಲಿ ಜಾಗವೇ ಇರಲಿಲ್ಲ.

ಕೆಂಟ್ ಸೀಮೆಯ ದೊರೆ ಎಥೆಲ್‌ಬರ್ಟ್ ಸುಮಾರು 600ರಲ್ಲಿ ಮಾಡಿದ ಕಾನೂನು, ಇಂಗ್ಲಿಷಿನಲ್ಲಿ ಉಳಿದಿರುವ ಅತಿ ಹಳೆಯ ಕಾನೂನು. ಅದರಂತೆ ಸಾಮಾನ್ಯ ಸ್ವತಂತ್ರ ಮನುಷ್ಯನನ್ನು ಕೊಂದರೆ 100 ಶಿಲ್ಲಿಂಗ್ ತೆರಬೇಕು. ರೈತನ ಮನೆಯ 'ರೊಟ್ಟಿ ತಿನ್ನೋನ'ನ್ನು ಕೊಂದರೆ 6 ಶಿಲ್ಲಿಂಗ್. ಹೆಸರು ಕೀಳಾದ ಹಾಗೆ ಜೀವದ ಬೆಲೆಯೂ ಕೀಳು.

1066ರಲ್ಲಿ ನಾರ್ಮನ್ನರು ಗೆದ್ದು ನೆಲವನ್ನು ತಮ್ಮ ಸರದಾರರಿಗೆ ಹಂಚಿಕೊಂಡರು. ಕಾಲ ಸರಿದಂತೆ ಮಾತು ಸವೆದು 'ಲಾರ್ಡ್' ಆಯಿತು, ಒಳಗಿದ್ದ ರೊಟ್ಟಿ ಮರೆತುಹೋಯಿತು. ದೇವರಿಗೆ ಮೊದಲು ಹೆಚ್ಚಾಗಿ ಹೇಳುತ್ತಿದ್ದ 'ಡ್ರಿಹ್ಟೆನ್' ಎಂಬ ಹೆಸರೂ ಅಳಿದು, ಆ ಪೀಠದಲ್ಲೂ ಲಾರ್ಡ್ ಕೂತ. ಒಡೆಯನಿಗೂ ದೇವರಿಗೂ ಒಂದೇ ಹೆಸರಾದ ಮೇಲೆ ಎದುರು ಮಾತಾಡೋದು ಪಾಪ ತಾನೇ?

ಆದರೂ ಆಡಿದರು. 1381ರಲ್ಲಿ ದಂಗೆಯೆದ್ದ ರೈತರ ಪರವಾಗಿ ವಾಟ್ ಟೈಲರ್ ಲಂಡನ್ನಿನ ಸ್ಮಿತ್‌ಫೀಲ್ಡಿನಲ್ಲಿ ಅರಸನ ಮುಂದೆ ನಿಂತು, ಅರಸನೊಬ್ಬನ ಹೊರತು ಯಾರಿಗೂ ಒಡೆತನ ಬೇಡ, ಜೀತ ಬೇಡ ಎಂದ. ಅದೇ ದಿನ ಅವನ ತಲೆ ಕಡಿದರು.

ನಮ್ಮಲ್ಲೂ ಧಣಿ 'ಅನ್ನದಾತ'ನಾದ. ಅವನ ಗದ್ದೆ ಉತ್ತ ನಮ್ಮಪ್ಪಂದಿರು 'ಉಂಡೋರು' ಆದರು. ಉಂಡ ಮನೆಗೆ ದ್ರೋಹ ಬಗೀಬೇಡ ಅಂತ ಬುದ್ಧಿ ಬೇರೆ. ಯಾರ ದುಡಿಮೇನ ಯಾರು ಉಂಡದ್ದು? 1976ರ ಕಾನೂನು ಜೀತವನ್ನು ರದ್ದು ಮಾಡಿತು. 2006ರಲ್ಲಿ ಭಾರತೀಯ ವಕೀಲರ ಪರಿಷತ್ತು 'ಮೈ ಲಾರ್ಡ್' ಬದಲು 'ಯುವರ್ ಆನರ್' ಎನ್ನಬಹುದೆಂದು ನಿಯಮ ತಂದಿತು. ಹಳೇ ಮಾತು ಮಾತ್ರ ಕೋರ್ಟು ಬಿಟ್ಟು ಹೋಗಿಲ್ಲ.

ಹಳ್ಳಿ ಶಾಲೆಯ ಮೇಷ್ಟ್ರುಗಳಲ್ಲಿ ನಮ್ಮದೊಂದು ಕೋರಿಕೆ. ಲಾರ್ಡ್ ಅಂದರೆ ಒಡೆಯ ಅಂತ ಅರ್ಥ ಬರೆಸುವಾಗ, ಪಕ್ಕದಲ್ಲಿ ರೊಟ್ಟಿ ಕಾಯೋನು ಅಂತಲೂ ಬರೆಸಿ. ಆ ರೊಟ್ಟಿ ಬೆಳೆದೋರು ಯಾರು ಅಂತ ಮಕ್ಕಳೇ ಕೇಳ್ತಾರೆ.