ನೀಲಮ್ಮ 'ಬರಲ್ಲ' ಅಂದ ಊರು

ಬಸವಣ್ಣನವರ ಕಥೆಯನ್ನು ನಮ್ಮ ಸಿನಿಮಾ, ನಾಟಕ, ಟೀವಿಗಳು ಹೇಳೋ ದಾರಿ ನಿಮಗೆ ಬಾಯಿಪಾಠ. ಜನಿವಾರ ತೊರೆಯುವ ಬಾಗೇವಾಡಿಯ ಹುಡುಗ, ಕಲ್ಯಾಣದ ಅರಮನೆ, ಅನುಭವ ಮಂಟಪ, ಹರಳಯ್ಯ ಮತ್ತು ಮಧುವರಸರ ಮಕ್ಕಳ ಮದುವೆ, ಎಳೆಹೂಟೆ ಶಿಕ್ಷೆ, ಬಿಜ್ಜಳನ ಕೊಲೆ, ಕೊನೆಗೆ ಕೂಡಲಸಂಗಮ. ಪ್ರತಿ ಬಸವ ಜಯಂತಿಗೆ ನಾವೂ ಸ್ಟುಡಿಯೋದಲ್ಲಿ ಕೂತು ಇದೇ ಕ್ರಮದಲ್ಲಿ ಮಾತಾಡ್ತೀವಿ. ನೀರಿನ ಮೇಲೆ ಬೆಳಕು, ಹಿನ್ನೆಲೆಯಲ್ಲಿ ವಚನ, ಮುಗಿಯಿತು.

ಆದರೆ ಕಥೆ ಅಲ್ಲಿಗೆ ಮುಗಿಯಲ್ಲ. ಇನ್ನೂ ಒಂದು ಊರಿದೆ. ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿ.

ಕೃಷ್ಣೆಯ ದಂಡೆಯ ಈ ಊರಲ್ಲಿ ನೀಲಮ್ಮನ ಗುಡಿ ಇದೆ, ಹಡಪದ ಅಪ್ಪಣ್ಣನವರ ಮಠ ಇದೆ. ಶರಣ ಪರಂಪರೆ ಹೇಳೋದು ಇಷ್ಟು. ಕಲ್ಯಾಣ ಹೊತ್ತಿ ಉರಿದ ಮೇಲೆ ಸಂಗಮಕ್ಕೆ ಬಂದ ಬಸವಣ್ಣನವರು ಮಡದಿ ನೀಲಮ್ಮನನ್ನು ಕರೆತರಲು ಅಪ್ಪಣ್ಣನವರನ್ನು ಕಳಿಸಿದರು. ನೀಲಮ್ಮ ಹೋಗಲಿಲ್ಲ. ಅಲ್ಲಿರೋ ಸಂಗಯ್ಯ ಇಲ್ಲಿ ಇಲ್ಲವೇ ಅನ್ನುವ ಅರ್ಥದ ಉತ್ತರ ಕೊಟ್ಟು, ಇದ್ದಲ್ಲೇ ಐಕ್ಯಳಾದಳು. ಕರೆಯಲು ಬಂದ ಅಪ್ಪಣ್ಣನವರನ್ನೂ ಜನ ಇದೇ ಊರಲ್ಲೇ ನೆನೆಯುತ್ತಾರೆ. ಇನ್ನೊಬ್ಬ ಮಡದಿ ಗಂಗಾಂಬಿಕೆಯ ಐಕ್ಯಸ್ಥಳ ಬೆಳಗಾವಿ ಜಿಲ್ಲೆಯ ಎಂ.ಕೆ. ಹುಬ್ಬಳ್ಳಿಯಲ್ಲಿದೆ, ಮಲಪ್ರಭೆಯ ಮಡಿಲಲ್ಲಿ. ನಕ್ಷೆ ತೆಗೆದು ನೋಡಿ. ಒಬ್ಬಳು ಮಲಪ್ರಭೆಯಲ್ಲಿ, ಒಬ್ಬಳು ಕೃಷ್ಣೆಯಲ್ಲಿ, ಆ ಎರಡು ಹೊಳೆ ಕೂಡುವ ಜಾಗದಲ್ಲಿ ಬಸವಣ್ಣನವರು. ಯಾವ ಚಿತ್ರಕಥೆಗಾರನಿಗೆ ಹೊಳೀತಿತ್ತು ಹೇಳಿ ಇದು!

ಇತಿಹಾಸ ಅಂತ ಹೊರಟ ಮೇಲೆ ಒಂದು ಎಚ್ಚರಿಕೆ ಬೇಕು. ಬಸವಣ್ಣನವರ ಹೆಸರು ಹೇಳೋ ಅರ್ಜುನವಾಡದ ಶಾಸನ 1260ರದ್ದು, ಅಂದರೆ ಅವರು ಹೋಗಿ ಸುಮಾರು ತೊಂಬತ್ತು ವರ್ಷದ ಮೇಲಿನದು. ಭೀಮಕವಿಯ ಬಸವಪುರಾಣ 1369ರದ್ದು. ತಂಗಡಗಿಯ ಕಥೆ ನಿಂತಿರೋದು ಪರಂಪರೆಯ ನೆನಪಿನ ಮೇಲೆ, ನೀಲಮ್ಮನ ಹೆಸರಲ್ಲಿ ಉಳಿದ ವಚನಗಳ ಮೇಲೆ. ಅಷ್ಟಿದ್ದರೂ ನೋಡಿ, ನಮ್ಮ ಸಿನಿಮಾದವರು ಬಿಜ್ಜಳನ ದರ್ಬಾರಿನಲ್ಲಿ ನಡೆದ ಮಾತುಕತೆಗೆ ಇಷ್ಟು ಆಧಾರವನ್ನೂ ಕೇಳಿದವರಲ್ಲ.

ಮೊದಲ ದೊಡ್ಡ ಚಿತ್ರ 1959ರ 'ಜಗಜ್ಯೋತಿ ಬಸವೇಶ್ವರ'. ಟಿ.ವಿ. ಸಿಂಗ್ ಠಾಕೂರ್ ನಿರ್ದೇಶನ, ಹೊನ್ನಪ್ಪ ಭಾಗವತರ್ ಬಸವಣ್ಣ, ರಾಜ್‌ಕುಮಾರ್ ಬಿಜ್ಜಳ. ಭಾಗವತರ್ ಹಾಡುಗಾರ ನಟ, ಹಾಗಾಗಿ ಅವರ ಬಸವಣ್ಣ ಮೊದಲು ಭಕ್ತ, ಆಮೇಲೆ ಮಂತ್ರಿ. ನಮ್ಮ ಉತ್ತರ ಕರ್ನಾಟಕದಲ್ಲಿ ಇದೇ ಹೆಸರಿನ ನಾಟಕದಲ್ಲಿ ಏಣಗಿ ಬಾಳಪ್ಪನವರು ಬಸವಣ್ಣನಾಗಿ ನಿಂತರೆ ಜನ ಕಾಲಿಗೆ ಬೀಳ್ತಿದ್ದರು. ಕೈಮುಗಿಸುವುದೇ ಆ ಪ್ರಕಾರದ ಕೆಲಸ, ಅದನ್ನು ಅದು ಚೆನ್ನಾಗಿ ಮಾಡಿತು.

24 ವರ್ಷ ಕಳೀತು. 1983ರಲ್ಲಿ ಕೆ.ಎಸ್.ಎಲ್. ಸ್ವಾಮಿ ಅದೇ ಕಥೆ ಎತ್ತಿಕೊಂಡರು, ಅಶೋಕ್ ಬಸವಣ್ಣ. ಹೆಸರು 'ಕ್ರಾಂತಿಯೋಗಿ ಬಸವಣ್ಣ'. ಜ್ಯೋತಿ ಹೋಗಿ ಕ್ರಾಂತಿ ಬಂತು! ಯಾಕೆ ಅಂದ್ರೆ, ನಡುವೆ ತುರ್ತುಪರಿಸ್ಥಿತಿ ಬಂದು ಹೋಗಿತ್ತು, ದಲಿತ ಚಳವಳಿ, ಬಂಡಾಯ ಸಾಹಿತ್ಯ ಬಂದಿದ್ದವು, 1980ರಲ್ಲಿ ನರಗುಂದ, ನವಲಗುಂದದಲ್ಲಿ ರೈತರ ಮೇಲೆ ಗುಂಡು ಹಾರಿತ್ತು. 12ನೇ ಶತಮಾನದ ಸಿನಿಮಾ ಅಂತ ನಾವು ನೋಡೋದು ಯಾವಾಗಲೂ ಅದು ತಯಾರಾದ ವರ್ಷದ ಸಿನಿಮಾ.

ರಂಗಭೂಮಿ ಇನ್ನೂ ಧೈರ್ಯ ಮಾಡಿತು. ಲಂಕೇಶರ 'ಸಂಕ್ರಾಂತಿ', ಶಿವಪ್ರಕಾಶರ 'ಮಹಾಚೈತ್ರ', ಮಂದಿರ ಮಂಡಲ ಗಲಾಟೆಯ ಕಾಲದಲ್ಲಿ ಬಂದ ಕಾರ್ನಾಡರ 'ತಲೆದಂಡ'. ಇವು ಕೈಮುಗಿಯಲಿಲ್ಲ, ಪ್ರಶ್ನೆ ಕೇಳಿದವು. ಬಿಜ್ಜಳನಿಗೆ ಒಂದು ಮನಸ್ಸು ಕೊಟ್ಟದ್ದು 'ತಲೆದಂಡ'ದ ಹೆಚ್ಚುಗಾರಿಕೆ ಅಂತ ನಾನು ತಿಳಿದಿದ್ದೇನೆ. ಆದರೆ ಅಲ್ಲೂ ಬಸವಣ್ಣನವರ ಮಡದಿಯಾಗಿ ಬರೋದು ಗಂಗಾಂಬಿಕೆ. 2017ರಲ್ಲಿ ನಾಗಾಭರಣರ 'ಅಲ್ಲಮ' ಬಂತು, ಧನಂಜಯ್ ಅಲ್ಲಮ. ಅನುಭಾವವನ್ನು ಹಾಡು, ಮದ್ದಳೆ, ದೇಹದಲ್ಲಿ ಹುಡುಕಿದ ಆ ಪ್ರಯತ್ನ ನನಗೆ ಇಷ್ಟ. ಅದು ಅಲ್ಲಮನ ಕಥೆ, ನೀಲಮ್ಮನನ್ನು ಅಲ್ಲಿ ಹುಡುಕೋದು ನ್ಯಾಯವಲ್ಲ.

ಹಾಗಾದರೆ ಎಲ್ಲಿ ಹುಡುಕೋಣ? ಭಕ್ತಿಚಿತ್ರದಲ್ಲಿ ಮಡದಿ ಅಂದರೆ ದಾಸೋಹ ಬಡಿಸುವವಳು, ಗಂಡ ಹೊರಟಾಗ ಕಣ್ಣೊರೆಸಿಕೊಳ್ಳುವವಳು. 1987ರಲ್ಲಿ ದೂರದರ್ಶನದ 'ರಾಮಾಯಣ' ಬಂದ ಮೇಲೆ ಪೌರಾಣಿಕ ಧಾರಾವಾಹಿಗೂ ಅದೇ ಅಚ್ಚು ಗಟ್ಟಿಯಾಯ್ತು. ಗಂಡ ಕರೆ ಕಳಿಸ್ತಾನೆ, ಹೆಂಡತಿ 'ನಾನು ಬರಲ್ಲ, ನನ್ನ ದೇವರು ಇಲ್ಲೇ ಇದ್ದಾನೆ' ಅಂತಾಳೆ. ಇದನ್ನು ಆ ಅಚ್ಚಿಗೆ ಹೇಗೆ ಸುರೀತೀರಿ? ಸೀರಿಯಲ್‌ನವರಿಗೆ ಅತ್ತೆ ಸೊಸೆ ಜಗಳ ಗೊತ್ತು, ವಿಚ್ಛೇದನ ಗೊತ್ತು. ಜಗಳವೇ ಇಲ್ಲದ, ಪ್ರೀತಿ ಒಂದಿಷ್ಟೂ ಕಡಿಮೆಯಾಗದ ನಿರಾಕರಣೆ ಅವರ ಲೆಕ್ಕದಲ್ಲೇ ಇಲ್ಲ.

ಭಯವೂ ಒಂದು ಕಾರಣ ಅಂತ ನನ್ನ ಅನುಮಾನ. ಎಂ.ಎಂ. ಕಲಬುರ್ಗಿಯವರು 'ಮಾರ್ಗ'ದಲ್ಲಿ ನೀಲಮ್ಮನ ವಚನಗಳ ಬಗ್ಗೆ ಬರೆದದ್ದು 1989ರಲ್ಲಿ ದೊಡ್ಡ ವಿವಾದವಾಯ್ತು, ಒತ್ತಡಕ್ಕೆ ಸಿಕ್ಕಿ ಆ ಮಾತು ಹಿಂತೆಗೆದುಕೊಂಡರು. ವಚನಗಳ ಸಂಪಾದನೆಗೆ ಬದುಕು ತೇಯ್ದ ವಿದ್ವಾಂಸನಿಗೇ ಹಾಗಾದರೆ, ಕೋಟಿಗಟ್ಟಲೆ ದುಡ್ಡು ಹಾಕೋ ನಿರ್ಮಾಪಕ ಯಾಕೆ ಆ ಗೊಡವೆಗೆ ಹೋಗ್ತಾನೆ? ಅವನಿಗೆ ಅರಮನೆ ಸೆಟ್ ಸುರಕ್ಷಿತ, ಕತ್ತಿ ಕಾಳಗ ಸುರಕ್ಷಿತ. ಹೆಣ್ಣುಮಗಳೊಬ್ಬಳ ಸ್ವಂತ ಯೋಚನೆ ಮಾತ್ರ ಅಪಾಯ.

ತಂಗಡಗಿ ಟೀವಿಯಲ್ಲಿ ಬರೋದೇ ಇಲ್ಲ ಅಂತಲ್ಲ. ಮೇಲಿಂದ ನೀರು ಬಿಟ್ಟು ಕೃಷ್ಣೆ ತುಂಬಿದಾಗ ಇಲ್ಲಿನ ಸೇತುವೆ ಸುದ್ದಿಯಾಗುತ್ತೆ. ಹೊಳೆ ತೋರಿಸ್ತೀವಿ, ದಂಡೆಯ ಕಥೆ ಬಿಡ್ತೀವಿ.

ಯಾರಾದರೂ ಇದನ್ನು ತೆಗೆಯೋದಾದರೆ ನನ್ನ ಸಲಹೆ ಒಂದೇ. ದೃಶ್ಯವನ್ನು ಅಪ್ಪಣ್ಣನವರ ಕಡೆಯಿಂದ ಶುರು ಮಾಡಿ. ಬಸವಣ್ಣನವರ ಹಡಪ ಹೊತ್ತ ಕ್ಷೌರಿಕ ಕುಲದ ಶರಣ ಆತ. ಅಣ್ಣನ ಮಾತು ತಲುಪಿಸಬೇಕು, ತಾಯಿಯ ಉತ್ತರವನ್ನೂ ಕೇಳಬೇಕು. ಇಬ್ಬರೂ ಅವನಿಗೆ ದೊಡ್ಡವರು. ಆಕೆ ಬರಲ್ಲ ಅಂದಮೇಲೆ ಅವನ ಮುಖದ ಮೇಲೆ ಕ್ಯಾಮೆರಾ ನಿಲ್ಲಲಿ, ಸ್ವಲ್ಪ ಹೊತ್ತು, ಹಿನ್ನೆಲೆ ಸಂಗೀತ ಇಲ್ಲದೆ.