ಮೂಲ ಚಿತ್ರವನ್ನು ಕೆಡಿಸದೆ ತಿದ್ದುವುದು ಹೇಗೆ? – ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ನಲ್ಲಿರುವ ರಾ ಫೋಟೋಗಳ ಬಗ್ಗೆ

ಹಬ್ಬ, ಶತಮಾನೋತ್ಸವ, ಗುರುದೀಕ್ಷೆ ಮುಂತಾದ ಸಂದರ್ಭಗಳಲ್ಲಿ ಒಳ್ಳೆಯ ಕ್ಯಾಮೆರಾಗಳಿಂದ ತೆಗೆದ ಸಾವಿರಾರು ಫೋಟೋಗಳು ಇಂದು ಪ್ರತಿಯೊಂದು ಧರ್ಮಕೇಂದ್ರದಲ್ಲೂ ಸೇರಿಕೊಳ್ಳುತ್ತಿವೆ. ಸ್ಮರಣ ಸಂಚಿಕೆ ಅಚ್ಚಾಗುವ ಹೊತ್ತಿಗೆ ಮೂಲ ಪ್ರತಿ ಕೇಳಿದರೆ ಹೆಚ್ಚಿನವರ ಉತ್ತರ ಒಂದೇ: "ತಿದ್ದಿ ಅದರ ಮೇಲೆಯೇ ಸೇವ್ ಮಾಡಿದ್ದೇವೆ." ಹಾಗೆ ಮಾಡಿದ ಮೇಲೆ ಮೂಲ ಚಿತ್ರ ಎಂಬುದು ಉಳಿದಿರುವುದಿಲ್ಲ. ಆದ್ದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿಸಲು ಬಯಸುತ್ತೇವೆ.

ಕ್ಯಾಮೆರಾದ ಸಂವೇದಕದ ಮೇಲೆ ಬಿದ್ದ ಬೆಳಕಿನ ಅಳತೆಯನ್ನು ಹೆಚ್ಚಿನ ಸಂಸ್ಕರಣೆಯಿಲ್ಲದೆ ಉಳಿಸಿಕೊಂಡ ಕಡತವೇ ರಾ ಫೈಲ್. ಜೆಪಿಇಜಿ ಚಿತ್ರದಲ್ಲಿ ಪ್ರತಿ ಬಣ್ಣಕ್ಕೆ 256 ಹಂತಗಳಿದ್ದರೆ, 12 ಬಿಟ್ ರಾ ಕಡತದಲ್ಲಿ 4096 ಹಂತಗಳು, 14 ಬಿಟ್‌ನಲ್ಲಿ 16384 ಹಂತಗಳು ಇರುತ್ತವೆ. ಪೀಠದ ಹಿಂದಿನ ಕತ್ತಲೆಯಲ್ಲಿ ಮುಳುಗಿದ ಮುಖವನ್ನು ಬೆಳಕಿಗೆ ತರಲು ಸಾಧ್ಯವಾಗುವುದು ಈ ಹೆಚ್ಚುವರಿ ಹಂತಗಳಿಂದಲೇ. ಹಳೆಯ ಸ್ಟುಡಿಯೋಗಳನ್ನು ಕಂಡವರಿಗೆ ನೆಗೆಟಿವ್ ಎಂದರೆ ಬೇಗ ಅರ್ಥವಾದೀತು. ಒಂದೇ ನೆಗೆಟಿವ್‌ನಿಂದ ತಿಳಿಯಾಗಿ, ಗಾಢವಾಗಿ ಎಷ್ಟು ಪ್ರಿಂಟ್ ಬೇಕಾದರೂ ತೆಗೆಯಬಹುದಿತ್ತು, ನೆಗೆಟಿವ್ ಮಾತ್ರ ಹಾಗೆಯೇ ಇರುತ್ತಿತ್ತು.

ಇದಕ್ಕಿಂತಲೂ ಹಳೆಯ ಉದಾಹರಣೆಯೊಂದು ನೆಲಮಂಗಲ ತಾಲ್ಲೂಕಿನ ಕಡೆಯಿಂದ ದೊರೆಯುತ್ತದೆ. ತ್ಯಾಮಗೊಂಡ್ಲು ಇರುವ ಈ ತಾಲ್ಲೂಕಿನ ಶಾಸನಗಳನ್ನು ಬಿ. ಎಲ್. ರೈಸ್ ಅವರು 1905ರಲ್ಲಿ ಹೊರಬಂದ ಎಪಿಗ್ರಾಫಿಯಾ ಕರ್ನಾಟಿಕದ 9ನೆಯ ಸಂಪುಟದಲ್ಲಿ ಪ್ರಕಟಿಸಿದರು. ಶಾಸನದ ಪಡಿಯಚ್ಚು ತೆಗೆಯುವ ಕ್ರಮವನ್ನು ಗಮನಿಸಿರಿ: ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಹಾಸಿ, ಬ್ರಷ್‌ನಿಂದ ಬಡಿದು, ಕಾಗದದ ಮೇಲೆ ಮಸಿ ತಟ್ಟುತ್ತಾರೆ. ಕಲ್ಲಿಗೆ ಉಳಿ ತಾಗುವುದಿಲ್ಲ. ಮಾಸಿದ ಅಕ್ಷರ ಯಾವುದೆಂಬ ಊಹೆ, ತಿದ್ದುಪಡಿ ಎಲ್ಲವೂ ಪುಸ್ತಕದಲ್ಲಿ ನಡೆಯುತ್ತವೆ. ಓದು ತಪ್ಪಿದ್ದರೆ ಮುಂದಿನ ವಿದ್ವಾಂಸರು ಮತ್ತೆ ಕಲ್ಲಿನ ಬಳಿಗೆ ಹೋಗಬಹುದು, ಕಲ್ಲು ಅಲ್ಲಿದ್ದರೆ! ಬೆಂಗಳೂರು ಸುತ್ತಿನಲ್ಲಿ ಅಂದು ದಾಖಲಾದ ಎಷ್ಟೋ ಕಲ್ಲುಗಳು ರಸ್ತೆ, ಬಡಾವಣೆಗಳ ಅಡಿಯಲ್ಲಿ ಇಲ್ಲವಾಗಿವೆ. ಉಳಿದವುಗಳನ್ನು ಮಿಥಿಕ್ ಸೊಸೈಟಿಯ ತಂಡವು 2021ರಿಂದ 3ಡಿ ಸ್ಕ್ಯಾನ್ ಮೂಲಕ ದಾಖಲಿಸುತ್ತಾ ಬಂದಿದೆ. (1909ರಲ್ಲಿ ಹುಟ್ಟಿದ ಈ ಸೊಸೈಟಿಗೆ ಬಹುಕಾಲ ಅಧ್ಯಕ್ಷರಾಗಿದ್ದವರು ಫ್ರೆಂಚ್ ಮಿಷನರಿ ಗುರು ಎ. ಎಂ. ಟಬಾರ್ಡ್ ಎಂಬುದನ್ನು ನಮ್ಮವರು ಮರೆತೇಬಿಟ್ಟಿದ್ದಾರೆ.) ಕಲ್ಲು ಹೋದ ಮೇಲೆ ಅದರ ಚಿತ್ರವೇ ಮೂಲವಾಗುತ್ತದೆ. ಆ ಚಿತ್ರದ ರಾ ಕಡತದ ಬೆಲೆ ಎಷ್ಟೆಂದು ಆಗ ತಿಳಿಯುತ್ತದೆ.

ಈಗ ಕಂಪ್ಯೂಟರಿನ ವಿಷಯಕ್ಕೆ ಬರೋಣ. 2007ರಲ್ಲಿ ಬಂದ ಅಡೋಬಿ ಲೈಟ್‌ರೂಮ್ ಆಗಲಿ, ಉಚಿತವಾಗಿ ದೊರೆಯುವ ಡಾರ್ಕ್‌ಟೇಬಲ್, ರಾಥೆರಪಿ ಆಗಲಿ, ರಾ ಕಡತದ ಚಿತ್ರಭಾಗವನ್ನು ಮುಟ್ಟುವುದಿಲ್ಲ. "ಬೆಳಕು ಇಷ್ಟು ಹೆಚ್ಚಿಸು, ಎಡಬದಿ ಕತ್ತರಿಸು" ಎಂಬ ಸೂಚನೆಗಳನ್ನು ಮಾತ್ರ ಬೇರೆಯಾಗಿ ಬರೆದಿಟ್ಟುಕೊಂಡು, ತೆರೆಯ ಮೇಲೆ ಅವುಗಳನ್ನು ಅನ್ವಯಿಸಿ ತೋರಿಸುತ್ತವೆ. ಅಚ್ಚಿಗೋ ವೆಬ್‌ಸೈಟಿಗೋ ಬೇಕಾದಾಗ ಎಕ್ಸ್‌ಪೋರ್ಟ್ ಮಾಡಿದರೆ ಹೊಸ ಜೆಪಿಇಜಿ ಸಿದ್ಧವಾಗುತ್ತದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ರಾ ಕಡತ ಸುಮಾರು 25ರಿಂದ 30 ಎಂಬಿ ತೂಗಿದರೆ, ಅದರ ತಿದ್ದುಪಡಿಯ ಸೂಚನೆ ಸಾಮಾನ್ಯವಾಗಿ ಕೆಲವೇ ಕೆಬಿಗಳಷ್ಟು.

ಈ ಸೂಚನೆಗಳು ಎಲ್ಲಿರುತ್ತವೆ ಎಂಬುದೇ ಮುಖ್ಯ ಪ್ರಶ್ನೆ. ಲೈಟ್‌ರೂಮ್ ಕ್ಲಾಸಿಕ್ ಅವನ್ನು ತನ್ನ ಕ್ಯಾಟಲಾಗ್ ಎಂಬ ದತ್ತಸಂಚಯದಲ್ಲಿ ಇಡುತ್ತದೆ. ಎಕ್ಸ್‌ಎಂಪಿ ಎಂಬ ಪುಟ್ಟ ಕಡತವಾಗಿ ಫೋಟೋದ ಪಕ್ಕದಲ್ಲೂ ಬರೆಯುವಂತೆ ಸೆಟ್ಟಿಂಗ್ಸ್‌ನಲ್ಲಿ ಹೇಳಬಹುದು. ಆದರೆ ನೀವು ಜೋಡಿಸಿದ ಕಲೆಕ್ಷನ್‌ಗಳು, ವರ್ಚುವಲ್ ಪ್ರತಿಗಳು ಅದರಲ್ಲಿ ಬರುವುದಿಲ್ಲ. ಡಾರ್ಕ್‌ಟೇಬಲ್ ತಾನಾಗಿಯೇ ಎಕ್ಸ್‌ಎಂಪಿ ಬರೆಯುತ್ತದೆ, ರಾಥೆರಪಿಯದು ಪಿಪಿ3 ಎಂಬ ಹೆಸರಿನ ಕಡತ. ಎರಡು ತಂತ್ರಾಂಶಗಳಲ್ಲಿ ಎಕ್ಸ್‌ಎಂಪಿ ಎಂಬ ಹೆಸರು ಒಂದೇ ಆದರೂ ಒಂದರ ತಿದ್ದುಪಡಿ ಇನ್ನೊಂದಕ್ಕೆ ಪೂರ್ತಿಯಾಗಿ ಅರ್ಥವಾಗದು. ಹಾಗಾಗಿ ಧರ್ಮಕೇಂದ್ರದಲ್ಲಿ ಒಂದೇ ತಂತ್ರಾಂಶವನ್ನು ಹಿಡಿದುಕೊಳ್ಳುವುದು ಲೇಸು. ಹಣವಿಲ್ಲವಾದರೆ ಕದ್ದ ಪ್ರತಿ ಹಾಕಿಸಿಕೊಳ್ಳಬೇಡಿ, ಡಾರ್ಕ್‌ಟೇಬಲ್ ಸಾಕು.

ಲ್ಯಾಪ್‌ಟಾಪ್ ತುಂಬಿದಾಗ ಫೋಟೋಗಳನ್ನು ಎಕ್ಸ್‌ಟರ್ನಲ್ ಡಿಸ್ಕ್‌ಗೆ ಸಾಗಿಸುತ್ತೇವೆ. ತೊಂದರೆ ಆರಂಭವಾಗುವುದು ಇಲ್ಲಿಂದ. ಫೋಲ್ಡರುಗಳನ್ನು ತಂತ್ರಾಂಶದ ಹೊರಗೆ, ವಿಂಡೋಸ್‌ನಲ್ಲಿ ಎಳೆದು ಹಾಕಿದರೆ ಲೈಟ್‌ರೂಮ್‌ಗೆ ವಿಳಾಸ ತಪ್ಪುತ್ತದೆ, ಫೋಲ್ಡರಿನ ಮೇಲೆ ಪ್ರಶ್ನಾರ್ಥಕ ಚಿಹ್ನೆ ಮೂಡುತ್ತದೆ. ಗಾಬರಿಯಾಗಿ ಅದನ್ನು ತೆಗೆದುಹಾಕಿ ಮತ್ತೆ ಇಂಪೋರ್ಟ್ ಮಾಡಬಾರದು. ಎಕ್ಸ್‌ಎಂಪಿ ಇಲ್ಲದಿದ್ದರೆ ಹಿಂದಿನ ತಿದ್ದುಪಡಿಯೆಲ್ಲ ಕಳೆದುಹೋಗುತ್ತದೆ. ಬಲಗುಂಡಿ ಒತ್ತಿ, ಕಾಣೆಯಾದ ಫೋಲ್ಡರ್ ಹುಡುಕುವ ಆಯ್ಕೆಯಿಂದ ಹೊಸ ಜಾಗ ತೋರಿಸಿದರೆ ಸಾಕು. ವಿಂಡೋಸ್‌ನಲ್ಲಿ ಡಿಸ್ಕ್‌ನ ಅಕ್ಷರ ಒಮ್ಮೆ ಇ, ಇನ್ನೊಮ್ಮೆ ಎಫ್ ಎಂದು ಬದಲಾದರೂ ಇದೇ ಗೊಂದಲ ಆಗಬಹುದು, ಆದ್ದರಿಂದ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಅಕ್ಷರವನ್ನು ಖಾಯಂ ಮಾಡಿರಿ.

ಕ್ಯಾಟಲಾಗ್ ಲ್ಯಾಪ್‌ಟಾಪಿನ ಒಳಗಿರಲಿ, ಫೋಟೋಗಳು ಹೊರಗಿರಲಿ ಎಂಬುದು ನಮ್ಮ ಸಲಹೆ, ಏಕೆಂದರೆ ಕ್ಯಾಟಲಾಗ್‌ಗೆ ವೇಗ ಬೇಕು. ಡಿಸ್ಕ್ ಜೊತೆಯಲ್ಲಿಲ್ಲದಾಗಲೂ ಕೆಲಸ ಮಾಡಬೇಕಿದ್ದರೆ 2013ರ ಲೈಟ್‌ರೂಮ್ 5ರಿಂದ ಬಂದಿರುವ ಸ್ಮಾರ್ಟ್ ಪ್ರಿವ್ಯೂ ಸೌಲಭ್ಯವಿದೆ. ಉದ್ದದ ಬದಿ 2560 ಪಿಕ್ಸೆಲ್ ಇರುವ ಚಿಕ್ಕ ಪ್ರತಿಯ ಮೇಲೆ ಪ್ರಯಾಣದಲ್ಲೂ ತಿದ್ದಬಹುದು, ಡಿಸ್ಕ್ ಮತ್ತೆ ಸಿಕ್ಕಿಸಿದಾಗ ಆ ತಿದ್ದುಪಡಿ ಮೂಲಕ್ಕೂ ಅನ್ವಯವಾಗುತ್ತದೆ. ಡಾರ್ಕ್‌ಟೇಬಲ್‌ನಲ್ಲಿ ಬೇಕಾದ ಚಿತ್ರಗಳ ಸ್ಥಳೀಯ ಪ್ರತಿ ಮಾಡಿಕೊಂಡು ನಂತರ ಹೊಂದಿಸುವ ವ್ಯವಸ್ಥೆಯಿದೆ.

ಇನ್ನೊಂದು ತಪ್ಪು ಕಲ್ಪನೆ. ಲೈಟ್‌ರೂಮ್ ಮುಚ್ಚುವಾಗ ಕೇಳುವ ಬ್ಯಾಕಪ್ ಕ್ಯಾಟಲಾಗ್‌ನದು ಮಾತ್ರ, ಫೋಟೋಗಳದ್ದಲ್ಲ! ಡಿಸ್ಕ್ ಕೆಳಗೆ ಬಿದ್ದರೆ ಉಳಿಯುವುದು ಸೂಚನೆಗಳ ಪಟ್ಟಿ ಅಷ್ಟೆ. ಆದ್ದರಿಂದ ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಕಟ್ಟಡದಲ್ಲಿ ಎಂಬ ಕ್ರಮವನ್ನು ಪಾಲಿಸಿರಿ. ಕರಾವಳಿಯ ಮಳೆಗಾಲದ ತೇವಕ್ಕೆ ಡಿಸ್ಕ್ ಬೇಗ ಹಾಳಾಗಬಹುದು. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಟ್ಟು, ಆರು ತಿಂಗಳಿಗೊಮ್ಮೆಯಾದರೂ ಸಿಕ್ಕಿಸಿ ಕೆಲವು ಕಡತಗಳನ್ನು ತೆರೆದು ನೋಡಿರಿ. ಮ್ಯಾಕ್, ವಿಂಡೋಸ್ ಎರಡರಲ್ಲೂ ಬಳಸುವ ಡಿಸ್ಕ್ ಆದರೆ ಎಕ್ಸ್‌ಫ್ಯಾಟ್ ಮಾದರಿ ಹೊಂದುತ್ತದೆ, ಆದರೆ ಸೇಫ್ಲಿ ರಿಮೂವ್ ಮಾಡದೆ ಎಳೆದರೆ ಅದು ಬೇಗ ಕೆಡುತ್ತದೆ.

ಹಳೆಯ ಜ್ಞಾನಸ್ನಾನ ದಾಖಲೆ ಪುಸ್ತಕಗಳನ್ನು ಫೋಟೋ ತೆಗೆಯುವವರಿಗೂ ರಾ ಉಪಯುಕ್ತ. ಕಂದು ಬಣ್ಣಕ್ಕೆ ತಿರುಗಿದ ಶಾಯಿಯು ಅನೇಕ ವೇಳೆ ನೀಲಿ ವರ್ಣಪದರದಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣಿಸುತ್ತದೆ. ಮೂಲ ಹಾಗೆಯೇ ಇದ್ದು, ಓದಲು ಮಾತ್ರ ಒಂದು ಕಪ್ಪು-ಬಿಳುಪು ಪ್ರತಿ ತೆಗೆಯಬಹುದು. ಆದರೆ ಈ ಪುಟಗಳಲ್ಲಿ ಜನರ ಖಾಸಗಿ ವಿವರಗಳಿರುವುದರಿಂದ ಧರ್ಮಗುರುಗಳ ಅನುಮತಿ ಪಡೆದ ಮೇಲೆಯೇ ಕ್ಯಾಮೆರಾ ತೆರೆಯಿರಿ, ಮತ್ತು ಆ ಡಿಸ್ಕ್‌ಗೆ ಪಾಸ್‌ವರ್ಡ್ ಹಾಕಿ ಧರ್ಮಕೇಂದ್ರದ ಕಪಾಟಿನಲ್ಲಿಯೇ ಇಡಿರಿ.