ಪೊರೆಯುವ ಪೊರೆಗಳು: ಕಾಡುಪಾಪ ಎತ್ತಿದ ಪ್ರಶ್ನೆ

ನಾಯಂಡಹಳ್ಳಿ ಎಂದರೆ ಇಂದಿನ ಬೆಂಗಳೂರಿಗರಿಗೆ ನೆನಪಾಗುವುದು ಹೊರವರ್ತುಲ ರಸ್ತೆಯೂ ಮೈಸೂರು ರಸ್ತೆಯೂ ಕೂಡುವ ಗಿಜಿಗುಟ್ಟುವ ವೃತ್ತ ಮತ್ತು ತಲೆಯ ಮೇಲೆ ಸಾಗುವ ಮೆಟ್ರೊ. ಒಂದು ಕಾಲಕ್ಕೆ ಇದು ವೃಷಭಾವತಿ ಕಣಿವೆಯ ಒಂದು ಹಳ್ಳಿ. ಹಳೇ ಮೈಸೂರು ಸೀಮೆಯ ಇಂಥ ಹಳ್ಳಿಗಳಲ್ಲಿ ಹಸು ಕರು ಹಾಕಿದ ರಾತ್ರಿ ಮನೆಯ ಹಿರಿಯರು ಮಲಗುತ್ತಿರಲಿಲ್ಲ. ಕರು ಎದ್ದು ನಿಂತರೆ ಸಾಲದು, ‘ಮಾಸು’ ಬೀಳಬೇಕು. ಬಿದ್ದ ಮಾಸನ್ನು ಹಸುವಾಗಲಿ ನಾಯಿಯಾಗಲಿ ತಿನ್ನದಂತೆ ಎತ್ತಿ, ಹುಲ್ಲಿನಲ್ಲೋ ಗೋಣಿಯಲ್ಲೋ ಸುತ್ತಿ, ಆಲದ ಮರದ ಕೊಂಬೆಗೆ ಕಟ್ಟುವ ರೂಢಿ ಹಲವು ಕಡೆ ಇತ್ತು. ಆಲ ಹಾಲು ಸುರಿಸುವ ಮರ. ಹಸುವೂ ಹಾಗೆಯೇ ಹಾಲು ಕೊಡಲಿ ಎಂಬ ನಂಬಿಕೆ.

ಪಶುವೈದ್ಯರೂ ಮಾಸಿನ ದಾರಿ ಕಾಯುತ್ತಾರೆ. ಸಾಮಾನ್ಯವಾಗಿ ಹನ್ನೆರಡು ಗಂಟೆಯೊಳಗೆ ಅದು ಬೀಳಬೇಕು. ನಿಂತುಹೋದರೆ ಗರ್ಭಕೋಶಕ್ಕೆ ಸೋಂಕು ತಗಲುವ ಭಯವಿದೆ.

ಆ ಗಂಟಿನಲ್ಲಿ ಇರುವುದೇನು? ಕರು ತಾಯಿಯ ಹೊಟ್ಟೆಯಲ್ಲಿದ್ದಷ್ಟು ದಿನ ಅದನ್ನು ಕಾಪಾಡಿದ ಪೊರೆಗಳು. ಕನ್ನಡದಲ್ಲಿ ‘ಪೊರೆ’ ಎಂದರೆ ತೆಳುವಾದ ಪದರ. ‘ಪೊರೆಯುವುದು’ ಎಂದರೆ ಸಲಹುವುದು. ಭ್ರೂಣದ ಪೊರೆಗಳಿಗೆ ಈ ಎರಡು ಅರ್ಥವೂ ಸಲ್ಲುತ್ತದೆ. ಕಾಡುಪಾಪ ಎಂಬ ಪುಟ್ಟ ಪ್ರಾಣಿಯ ಇಂಥ ಪೊರೆಗಳ ಅಧ್ಯಯನದಲ್ಲಿ, ಸುಮಾರು ನೂರು ವರ್ಷಗಳ ಹಿಂದೆ, ಮೈಸೂರು ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರಜ್ಞರ ಪಾಲೂ ಇತ್ತು ಎಂಬುದು ಹೆಚ್ಚಿನವರಿಗೆ ತಿಳಿಯದ ಸಂಗತಿ.

ನಾಲ್ಕು ಪೊರೆಗಳು

ಕಪ್ಪೆಯ ಮೊಟ್ಟೆಗೆ ಈ ಪೊರೆಗಳಿಲ್ಲ. ಲೋಳೆಯ ಹೊದಿಕೆಯಷ್ಟೇ ಇದೆ. ಆದ್ದರಿಂದ ಅದಕ್ಕೆ ನೀರು ಬೇಕು, ಇಲ್ಲವೇ ಸದಾ ತೇವವಿರುವ ಜಾಗ ಬೇಕು. ಸುಮಾರು 32 ಕೋಟಿ ವರ್ಷಗಳ ಹಿಂದೆ ಕೆಲವು ಪ್ರಾಣಿಗಳಲ್ಲಿ ಭ್ರೂಣವೇ ತನ್ನ ಸುತ್ತ ಪೊರೆಗಳನ್ನು ಬೆಳೆಸಿಕೊಳ್ಳುವ ಏರ್ಪಾಡು ಮೂಡಿತು. ಹಲ್ಲಿ, ಹಾವು, ಹಕ್ಕಿ, ಹಸು, ಮನುಷ್ಯ ಎಲ್ಲರೂ ಆ ಪೂರ್ವಜರ ಸಂತತಿಯೇ.

ಕೋಳಿಮೊಟ್ಟೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಬೇಯಿಸಿದ ಮೊಟ್ಟೆ ಸುಲಿಯುವಾಗ ಕೈಗೆ ಅಂಟುವ ಬಿಳಿ ಪೊರೆ ಇವುಗಳ ಪೈಕಿ ಅಲ್ಲ. ಅದು ತಾಯಿ ಕೋಳಿ ಚಿಪ್ಪಿನೊಡನೆ ಕೊಟ್ಟದ್ದು. ಮರಿ ತಾನೇ ಬೆಳೆಸಿಕೊಳ್ಳುವ ಪೊರೆಗಳು ನಾಲ್ಕು. ‘ಆಮ್ನಿಯಾನ್’ ನೀರು ತುಂಬಿದ ಚೀಲ. ಮರಿ ಅದರೊಳಗೆ ತೇಲುತ್ತದೆ. ಹಳದಿ ಚೀಲ ಆಹಾರದ ಉಗ್ರಾಣ. ‘ಅಲಂಟಾಯಿಸ್’ ಕಲ್ಮಷ ಕೂಡಿಡುವ ಚೀಲ. ಎಲ್ಲವನ್ನೂ ಹೊರಗಿನಿಂದ ಸುತ್ತುವುದು ‘ಕೋರಿಯಾನ್’. ಅಲಂಟಾಯಿಸ್ ಮತ್ತು ಕೋರಿಯಾನ್ ಕೂಡಿ ಚಿಪ್ಪಿನ ಒಳಮೈಗೆ ಒತ್ತಿಕೊಂಡು, ಚಿಪ್ಪಿನ ಸಣ್ಣ ರಂಧ್ರಗಳ ಮೂಲಕ ಮರಿಗೆ ಉಸಿರು ಒದಗಿಸುತ್ತವೆ.

ಚಿಪ್ಪು ಬಿಟ್ಟು ಮರಿ ಹಾಕುವ ಪ್ರಾಣಿಗಳಲ್ಲೂ ಇವೇ ಪೊರೆಗಳು ಉಳಿದಿವೆ. ಹೆರಿಗೆಗೆ ಮುನ್ನ ‘ನೀರು ಒಡೆಯಿತು’ ಎನ್ನುವಾಗ ಒಡೆಯುವುದು ಈ ನೀರಿನ ಚೀಲ. ಕೋರಿಯಾನ್ ಚಿಪ್ಪಿನ ಬದಲು ಗರ್ಭಕೋಶದ ಗೋಡೆಗೆ ಒತ್ತಿಕೊಂಡು ‘ಜರಾಯು’ವಿನ ಮುಖ್ಯ ಭಾಗವಾಗುತ್ತದೆ. ಮನುಷ್ಯರ ಹಳದಿ ಚೀಲದಲ್ಲಿ ಹಳದಿ ಇಲ್ಲ. ಆದರೂ ಶಿಶುವಿನ ಮೊದಲ ರಕ್ತಕಣಗಳು ಹುಟ್ಟುವುದು ಅಲ್ಲಿಯೇ.

ಗಿಣ್ಣು ಹಾಲಿನ ಗುಟ್ಟು

ಎಲ್ಲ ಪ್ರಾಣಿಗಳ ಜರಾಯು ಒಂದೇ ಬಗೆಯದಲ್ಲ. ಹಸುವಿನಲ್ಲಿ ಕರುವಿನ ಪೊರೆ ಗುಂಡಿಗಳಂಥ ಹಲವು ಗಂಟುಗಳಲ್ಲಿ ಗರ್ಭಕೋಶಕ್ಕೆ ಅಂಟಿಕೊಂಡಿರುತ್ತದೆಯೇ ಹೊರತು ಅದನ್ನು ಕೊರೆದು ಆಳಕ್ಕೆ ಇಳಿಯುವುದಿಲ್ಲ. ತಾಯಿಯ ರಕ್ತಕ್ಕೂ ಕರುವಿನ ರಕ್ತಕ್ಕೂ ನಡುವೆ ಹಲವು ಪದರಗಳು ಉಳಿಯುತ್ತವೆ. ರೋಗ ತಡೆಯುವ ಪ್ರತಿಕಾಯಗಳು ಈ ಗಡಿಯನ್ನು ದಾಟಲಾರವು. ಆದ್ದರಿಂದಲೇ ಹುಟ್ಟಿದ ಕೆಲವೇ ಗಂಟೆಗಳಲ್ಲಿ ಕರುವಿಗೆ ಗಿಣ್ಣು ಹಾಲು ಕುಡಿಸಬೇಕು.

ಮನುಷ್ಯರಲ್ಲಿ ಹೀಗಲ್ಲ. ಭ್ರೂಣದ ಪೊರೆ ಗರ್ಭಕೋಶದ ಗೋಡೆಯನ್ನು ಕೊರೆದು ಒಳಹೊಕ್ಕು ತಾಯಿಯ ರಕ್ತದಲ್ಲೇ ಮೀಯುತ್ತದೆ. ಪ್ರತಿಕಾಯಗಳು ಹೊಟ್ಟೆಯಲ್ಲಿರುವಾಗಲೇ ಮಗುವಿಗೆ ಸಿಗುತ್ತವೆ. ಅದಕ್ಕೆ ತಾಯಿ ತೆರುವ ಬೆಲೆಯೂ ಇದೆ: ಜರಾಯು ಕಳಚಿದ ಜಾಗ ಗಾಯದಂತೆ ಉಳಿದು ರಕ್ತ ಸುರಿಯುತ್ತದೆ. ಕೋತಿಗಳಲ್ಲೂ ಜರಾಯು ಇದೇ ಬಗೆಯದು. ಹಾಗಾದರೆ ಕೋತಿ, ಮನುಷ್ಯರ ದೂರದ ನಂಟನಾದ ಕಾಡುಪಾಪದಲ್ಲಿ?

1928ರ ಪ್ರಬಂಧ

ಕಾಡುಪಾಪ ಮೈಸೂರು ಸೀಮೆಯ ಪೊದೆ, ತೋಪುಗಳಲ್ಲಿ ರಾತ್ರಿ ಹೊತ್ತು ಸಂಚರಿಸುವ ಪ್ರಾಣಿ. ಬಟ್ಟಲುಗಣ್ಣು, ಕಡ್ಡಿಯಂಥ ಕೈಕಾಲು. ತೂಕ ಕಾಲು ಕಿಲೋ ಆಸುಪಾಸು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಾಧ್ಯಾಪಕ ಸಿ.ಆರ್. ನಾರಾಯಣ ರಾವ್ 1927ರಲ್ಲಿ ಇದರ ಅಂಡಾಶಯ ಮತ್ತು ಅಂಡದ ರಚನೆಯನ್ನು ಕುರಿತು ಪ್ರಬಂಧ ಪ್ರಕಟಿಸಿದರು. 1932ರಲ್ಲಿ ಆರಂಭವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಇವರೇ.

ಮೈಸೂರು ವಿಶ್ವವಿದ್ಯಾನಿಲಯದ ಇನ್ನೊಬ್ಬ ಪ್ರಾಣಿಶಾಸ್ತ್ರಜ್ಞ ಎ. ಸುಬ್ಬರಾವ್ ಪೊರೆಗಳ ಅಧ್ಯಯನದಲ್ಲೇ ಪಳಗಿದವರು. ಕರಡಿ, ಅಳಿಲು ಮತ್ತು ನೀರುನಾಯಿ ವಂಶಗಳ ಜರಾಯು ಕುರಿತ ಅವರ ಪ್ರಬಂಧ 1925ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. 1928ರಲ್ಲಿ ಲಂಡನ್ನಿನ ಹೆಸರಾಂತ ಭ್ರೂಣಶಾಸ್ತ್ರಜ್ಞ ಜೆ.ಪಿ. ಹಿಲ್ ಮತ್ತು ಎಫ್.ಇ. ಇನ್ಸ್ ಅವರೊಡನೆ ಸೇರಿ ಸುಬ್ಬರಾವ್ ಕಾಡುಪಾಪದ ಭ್ರೂಣಪೊರೆಗಳ ಬೆಳವಣಿಗೆಯ ವಿವರವನ್ನು ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಕೋರಿಯಾನ್‌ಗೆ ರಕ್ತನಾಳಗಳು ಹೇಗೆ ಬರುತ್ತವೆ ಎಂಬುದು ಅವರ ಮುಖ್ಯ ಪ್ರಶ್ನೆ.

ಕೆಲಸ ಸುಲಭದ್ದಲ್ಲ. ಗರ್ಭಕೋಶವನ್ನು ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳುವಾಗಿ ಸೀಳಿ, ಬಣ್ಣ ಹಾಕಿ, ಒಂದೊಂದು ಸೀಳನ್ನೂ ಗಾಜಿನ ಮೇಲೆ ಕೂರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಕಾಡುಪಾಪ ಮತ್ತು ಅದರ ಬಳಗದ ಪ್ರಾಣಿಗಳಲ್ಲಿ ಅಲಂಟಾಯಿಸ್ ದೊಡ್ಡದಾಗಿ ಬೆಳೆದು ಕೋರಿಯಾನ್‌ಗೆ ರಕ್ತನಾಳಗಳನ್ನು ಒಯ್ಯುತ್ತದೆ. ಪೊರೆ ಗರ್ಭಕೋಶಕ್ಕೆ ಮೆತ್ತಿಕೊಂಡಿರುತ್ತದೆಯೇ ಹೊರತು ಕೊರೆಯುವುದಿಲ್ಲ. ಈ ವಿಷಯದಲ್ಲಿ ಕಾಡುಪಾಪ ಕೋತಿಗಿಂತ ಹಸುವಿಗೆ ಹತ್ತಿರ!

ಇದರ ಅರ್ಥವೇನು? ಹಿಲ್ 1932ರಲ್ಲಿ ಒಂದು ಉತ್ತರ ಮುಂದಿಟ್ಟರು. ಅವರ ಪ್ರಕಾರ ಇದೊಂದು ಏಣಿ. ಕಾಡುಪಾಪದ ಬಳಗದ್ದು ಕೆಳಗಿನ ಮೆಟ್ಟಿಲು, ನಂತರ ಟಾರ್ಸಿಯರ್, ಆಮೇಲೆ ಕೋತಿ, ಕೊನೆಗೆ ವಾನರ ಮತ್ತು ಮನುಷ್ಯ. ಮೆತ್ತಿಕೊಳ್ಳುವ ಪೊರೆ ಹಳೆಯದು, ಕೊರೆಯುವ ಪೊರೆ ಹೊಸದು ಎಂಬ ಈ ವಾದ ಬಹುಕಾಲ ಮಾನ್ಯವಾಗಿತ್ತು.

ಡಿ.ಎನ್.ಎ. ಆಧಾರದ ವಂಶವೃಕ್ಷಗಳು ಬಂದ ಮೇಲೆ ಏಣಿ ಅಲುಗಿತು. 2006ರ ಸುಮಾರಿಗೆ ಬಂದ ಹೋಲಿಕೆ ಅಧ್ಯಯನಗಳು ಬೇರೆಯೇ ಚಿತ್ರ ಕೊಟ್ಟವು. ಜರಾಯುವಿರುವ ಪ್ರಾಣಿಗಳ ಪೂರ್ವಜರಲ್ಲಿ ಕೊರೆಯುವ ಬಗೆಯ ಪೊರೆಯೇ ಇದ್ದಿರಬೇಕು. ಕಾಡುಪಾಪದ ಬಳಗ ಮತ್ತು ಹಸುವಿನ ಬಳಗ ಮೆತ್ತಗಿನ ದಾರಿಯನ್ನು ಬೇರೆಬೇರೆಯಾಗಿ ಆಮೇಲೆ ಹಿಡಿದವು ಎಂಬುದು ಈಗ ಹೆಚ್ಚಿನವರು ಒಪ್ಪುವ ಅಭಿಪ್ರಾಯ. ಹಾಗಾದರೆ ಕಾಡುಪಾಪ ಕೆಳಗಿನ ಮೆಟ್ಟಿಲಲ್ಲಿ ಉಳಿದುಹೋದ ಪ್ರಾಣಿಯಲ್ಲ. 1928ರಲ್ಲಿ ಕಂಡು ಬರೆದ ವಿವರಗಳು ಮಾತ್ರ ಹಳತಾಗಲಿಲ್ಲ. ಬದಲಾದದ್ದು ಅವುಗಳಿಂದ ಕಟ್ಟಿದ ಅರ್ಥ.

ಉಳಿದದ್ದು, ಉಳಿಯದ್ದು

ಸೆಂಟ್ರಲ್ ಕಾಲೇಜಿನಲ್ಲಿದ್ದ ಎಲ್.ಎಸ್. ರಾಮಸ್ವಾಮಿ ಮುಂದೆ ಜೈಪುರಕ್ಕೆ ಹೋಗಿ, ಟಿ.ಸಿ. ಆನಂದಕುಮಾರ್ ಅವರೊಡನೆ 1960ರ ದಶಕದಲ್ಲಿ ಕಾಡುಪಾಪದ ಸಂತಾನಕ್ರಿಯೆಯನ್ನು ಅಧ್ಯಯನ ಮಾಡಿದರು. ಅದೇ ಆನಂದಕುಮಾರ್ 1986ರಲ್ಲಿ ಮುಂಬೈಯಲ್ಲಿ ಪ್ರನಾಳ ಶಿಶು ಜನಿಸಿದಾಗ ಆ ತಂಡದ ಪ್ರಮುಖರಲ್ಲಿ ಒಬ್ಬರು.

ಹಿಲ್ ಅವರ ಸ್ಲೈಡುಗಳ ಸಂಗ್ರಹ ನೆದರ್ಲೆಂಡ್ಸಿನ ಉಟ್ರೆಕ್ಟ್ ಸೇರಿ, ಅಲ್ಲಿಂದ ಬರ್ಲಿನ್ನಿನ ವಸ್ತುಸಂಗ್ರಹಾಲಯಕ್ಕೆ ಹೋಗಿದೆ. ಸಂಶೋಧಕರು ಈಗಲೂ ಅದನ್ನು ನೋಡಬಹುದು. ಆದರೆ ನಾರಾಯಣ ರಾವ್ 1937ರಲ್ಲಿ ಹೊಸ ಜಾತಿಗಳೆಂದು ಹೆಸರಿಸಿದ ಕಪ್ಪೆಗಳ ಮೂಲ ಮಾದರಿಗಳು ಇಂದು ಸಿಗುವುದಿಲ್ಲ. ಅವರ ಗೌರವಾರ್ಥ 2010ರಲ್ಲಿ ಒಂದು ಕಪ್ಪೆ ಕುಲಕ್ಕೆ ‘ರಾವೋರ್ಕೆಸ್ಟಿಸ್’ ಎಂದು ಹೆಸರಿಡಲಾಯಿತು. ಈ ಕಪ್ಪೆಗಳ ಮೊಟ್ಟೆಯಿಂದ ಗೊದಮೊಟ್ಟೆಯ ಬದಲು ನೇರವಾಗಿ ಪುಟ್ಟ ಕಪ್ಪೆಯೇ ಹೊರಬರುತ್ತದೆ. ಪೊರೆಗಳಿಲ್ಲದೆಯೂ ಕೆರೆಯನ್ನು ಬಿಟ್ಟ ಕಪ್ಪೆಗಳು ಇವು. ತೇವದ ಹಂಗು ಮಾತ್ರ ತಪ್ಪಿಲ್ಲ.

ಬೆಂಗಳೂರು ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗ ಇಂದು ಜ್ಞಾನಭಾರತಿಯಲ್ಲಿದೆ. ಮೆಟ್ರೊದಲ್ಲಿ ನಾಯಂಡಹಳ್ಳಿಯಿಂದ ಎರಡನೆಯ ನಿಲ್ದಾಣ. ಕಾಡುಪಾಪ ನಗರದಲ್ಲಿ ಇನ್ನೂ ಉಳಿದಿದೆ. ಭಾರತೀಯ ವಿಜ್ಞಾನ ಸಂಸ್ಥೆ, ಜಿ.ಕೆ.ವಿ.ಕೆ. ಆವರಣಗಳಲ್ಲಿ ಅದನ್ನು ಗುರುತಿಸಲಾಗಿದೆ. ಸರಿಸುಮಾರು ಅಷ್ಟೇ ತೂಕದ ಇಲಿ ಮೂರು ವಾರದಲ್ಲಿ ಮರಿ ಹಾಕಿದರೆ, ಕಾಡುಪಾಪ ಸುಮಾರು ಐದೂವರೆ ತಿಂಗಳು ಹೊತ್ತು ಒಂದೋ ಎರಡೋ ಮರಿ ಹಾಕುತ್ತದೆ. ಕೊಂಬೆಯಿಂದ ಕೊಂಬೆಗೆ ಸಾಗುವ ಈ ಪ್ರಾಣಿಗೆ ಒಂದು ಸಾಲು ಮರ ಕಡಿದರೆ ದಾರಿಯೇ ಕಡಿದಂತೆ. ಅದರ ಕಣ್ಣಿನಲ್ಲಿ ಮಾಟ ಮದ್ದು ಇದೆ ಎಂಬ ಮೂಢನಂಬಿಕೆಯಿಂದ ಹಿಡಿಯುವವರೂ ಇದ್ದಾರೆ. ಇಷ್ಟು ನಿಧಾನವಾಗಿ ಹೆರುವ ಪ್ರಾಣಿ, ಕಳೆದುಕೊಂಡ ಸಂಖ್ಯೆಯನ್ನು ಬೇಗ ತುಂಬಿಕೊಳ್ಳಲಾರದು.